‘ಮಡಿಕೇರಿ ಭೂಕುಸಿತ ಇಂದು’ ಎಂದು ಬರೆದವರು ಯಾರು?

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಹೋದ ಜುಲೈನಲ್ಲಿ ಬೆಂಗಳೂರಿನ ಒಂದು ಕುಟುಂಬ ಬರುವ ಹಿಂದಿನ ದಿನ ಬುಕಿಂಗ್ ಕ್ಯಾನ್ಸಲ್ ಮಾಡಿತು. ಫೋನಿನ ಗೂಗಲ್ ಸರ್ಚ್‌ನಲ್ಲಿ ‘ಮಡಿಕೇರಿ’ ಎಂದು ಟೈಪ್ ಮಾಡಿದರೆ ಕೆಳಗೆ ‘ಮಡಿಕೇರಿ ಭೂಕುಸಿತ ಇಂದು’ ಎಂದು ಬರುತ್ತಿದೆಯಂತೆ. ಆ ದಿನ ಇಲ್ಲಿ ಏನೂ ಆಗಿರಲಿಲ್ಲ, ಬಿಸಿಲು ಬಿದ್ದಿತ್ತು. ನಮ್ಮ ಅತ್ತೆಯ ಫೋನಿನಲ್ಲೂ ಅದೇ ಸಾಲು ಬಂತು. ಮಗಳ ಫೋನಿನಲ್ಲಿ ಬರಲಿಲ್ಲ. ಈಗ ನಮ್ಮ ಹೋಂಸ್ಟೇ ಹೆಸರು ಹಾಕಿದರೆ ಪಕ್ಕದಲ್ಲಿ ‘ಕಂಪ್ಲೇಂಟ್’ ಎಂಬ ಪದವೂ ಬರುತ್ತಿದೆ. ನಮ್ಮ ಮೇಲೆ ಯಾರೂ ದೂರು ಕೊಟ್ಟಿಲ್ಲ. ಇದನ್ನೆಲ್ಲ ಬರೆಯುವವರು ಯಾರು? ನಂಬಬಹುದಾ? ತೆಗೆಸಬಹುದಾ?

ಉತ್ತರ: ಮೊದಲು ಆ ಸಾಲನ್ನೇ ಇನ್ನೊಂದು ಸಲ ಓದಿ. ‘ಮಡಿಕೇರಿ ಭೂಕುಸಿತ ಇಂದು’. ಇದರಲ್ಲಿ ಕ್ರಿಯಾಪದವೇ ಇಲ್ಲ, ಅಲ್ವಾ? ನಮ್ಮ ಮಾತಿನಲ್ಲಿ ಎಲ್ಲ ಗುಟ್ಟೂ ಕೊನೆಯ ತುಂಡಿನಲ್ಲಿರುತ್ತದೆ. ‘ಆಗಿದೆ’ ಅಂದರೆ ಗೊತ್ತಿದ್ದವರು ಹೇಳಿದ್ದು. ‘ಆಗಿದೆಯಂತೆ’ ಅಂದರೆ ಕೇಳಿಸಿಕೊಂಡವರು ಹೇಳಿದ್ದು. ‘ಆಗಿದೆಯಾ’ ಅಂದರೆ ಗೊತ್ತಿಲ್ಲದವರು ಕೇಳಿದ್ದು. ಸರ್ಚ್ ಪೆಟ್ಟಿಗೆಯಲ್ಲಿ ಆ ಕೊನೆಯ ತುಂಡನ್ನು ಟೈಪ್ ಮಾಡುವವರು ಕಡಿಮೆ. ಆ ಸಾಲನ್ನು ಟೈಪ್ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ‘ಆಗಿದೆಯಾ?’. ಓದಿದ ನಿಮ್ಮ ಗೆಸ್ಟ್ ತಾವೇ ‘ಆಗಿದೆ’ ಎಂದು ಸೇರಿಸಿಕೊಂಡರು. ನಿಮ್ಮ ಬುಕಿಂಗ್ ಹೋಗಿದ್ದು ಇಷ್ಟರಲ್ಲೇ.

ಯಾರು ಬರೆದರು ಅಂದರೆ, ಯಾವ ಆಫೀಸಿನಲ್ಲೂ ಕೂತು ಯಾರೂ ಬರೆದಿಲ್ಲ. ಗೊಬ್ಬರದಂಗಡಿ ನೆನಪು ಮಾಡಿಕೊಳ್ಳಿ. ಮುಂಗಾರು ಹಿಡಿಯುವ ಮೊದಲು ಅಲ್ಲಿಗೆ ಹೋಗಿ ‘ಮೈ...’ ಅನ್ನುವಷ್ಟರಲ್ಲಿ ಅಂಗಡಿಯವರು ‘ಮೈಲುತುತ್ತಾನಾ, ಎಷ್ಟು ಕೆಜಿ?’ ಅಂತಾರೆ. ಕೊಳೆರೋಗ ತಡೆಯಲು ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವ ಕಾಲ ಅದು. ಬೆಳಗಿನಿಂದ ಬಂದವರೆಲ್ಲ ಅದನ್ನೇ ಕೇಳಿದ್ದಾರೆ, ನೀವೂ ಅದನ್ನೇ ಕೇಳುತ್ತೀರಿ ಎಂದು ಅವರ ಲೆಕ್ಕ. ಜನವರಿಯಲ್ಲಿ ಹೋಗಿ ‘ಮೈ’ ಅಂದರೆ ಅವರು ಸುಮ್ನೆ ಮುಖ ನೋಡುತ್ತಾರೆ. ನಿಮ್ಮ ತೋಟದ ಗಿಡಕ್ಕೆ ಕೊಳೆರೋಗ ಬಂದಿದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಗೊತ್ತಿರುವುದು ಕ್ಯೂನಲ್ಲಿ ಮುಂದೆ ನಿಂತವರ ಬಾಯಿ ಮಾತ್ರ. ಸರ್ಚ್ ಪೆಟ್ಟಿಗೆಯೂ ಅಷ್ಟೆ, ಅದರ ಕ್ಯೂ ಮಾತ್ರ ಸ್ವಲ್ಪ ಉದ್ದ.

ಒಳಗೆ ಆಗುವುದು ಹೀಗೆ. ನೀವು ‘ಮ’ ಒತ್ತಿದ ಕೂಡಲೇ ಆ ಒಂದು ಅಕ್ಷರ ದೂರದ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿ ಜನ ಹಿಂದೆ ಹುಡುಕಿದ ಸಾಲುಗಳನ್ನು ಮರದ ಹಾಗೆ ಜೋಡಿಸಿಟ್ಟಿರುತ್ತಾರೆ. ‘ಮ’ ಒಂದು ಬುಡ. ಅದರಿಂದ ಮಂಗಳೂರು, ಮಳೆ, ಮದುವೆ, ಮಡಿಕೇರಿ ಎಂದು ಸಾವಿರ ಕೊಂಬೆ. ನೀವು ‘ಮಡಿ’ ತನಕ ಬಂದಾಗ ಉಳಿದ ಕೊಂಬೆಗಳೆಲ್ಲ ಬಿದ್ದುಹೋಗುತ್ತವೆ. ‘ಮಡಿಕೇರಿ’ ಪೂರ್ತಿಯಾದಾಗ ಅದರ ತುದಿಯಲ್ಲಿ ಹವಾಮಾನ, ದಸರಾ, ಬಸ್ ಟೈಮ್, ಭೂಕುಸಿತ ಹೀಗೆ ಕೆಲವು ಎಲೆ ಉಳಿಯುತ್ತವೆ. ಯಾವ ಎಲೆ ಮೇಲೆ, ಯಾವುದು ಕೆಳಗೆ ಎಂದು ಲೆಕ್ಕ ಹಾಕಿ, ಅದು ಕಣ್ಣು ಮಿಟುಕಿಸುವುದರೊಳಗೆ ನಿಮ್ಮ ಫೋನಿಗೆ ವಾಪಸ್ ಬರುತ್ತದೆ. ಪ್ರತಿ ಅಕ್ಷರಕ್ಕೂ ಹೀಗೆ ಒಂದು ಸಲ ಹೋಗಿ ಬರುತ್ತದೆ. (ಹಾಗಾಗಿ ಸರ್ಚ್ ಒತ್ತದೆ ಅಳಿಸಿದರೂ ಟೈಪ್ ಮಾಡಿದ್ದು ಆಗಲೇ ಹೋಗಿರುತ್ತದೆ. ಅವಸರದಲ್ಲಿ ಪಾಸ್‌ವರ್ಡನ್ನು ಆ ಪೆಟ್ಟಿಗೆಯಲ್ಲಿ ಹೊಡೆದು ಅಳಿಸುವವರು ನಮ್ಮಲ್ಲಿ ಬಹಳ ಜನ ಇದ್ದಾರೆ.)

ಯಾವುದು ಮೇಲೆ ಎನ್ನುವ ಲೆಕ್ಕದಲ್ಲಿ ಮುಖ್ಯವಾಗಿ ಐದಾರು ವಿಷಯ ಸೇರುತ್ತವೆ. ಎಷ್ಟು ಜನ ಹುಡುಕಿದರು. ಇತ್ತೀಚೆಗೆ ಹುಡುಕಿದರಾ. ನೀವು ಎಲ್ಲಿ ಕೂತಿದ್ದೀರಿ. ಯಾವ ಭಾಷೆಯಲ್ಲಿ ಟೈಪ್ ಮಾಡುತ್ತಿದ್ದೀರಿ. ನೀವೇ ಹಿಂದೆ ಏನು ಹುಡುಕಿದ್ದಿರಿ. ಇದರ ಜೊತೆಗೆ ವೆಬ್‌ನಲ್ಲಿ ಯಾವ ಪದದ ಪಕ್ಕ ಯಾವ ಪದ ಬರುತ್ತದೆ ಎನ್ನುವುದನ್ನೂ ನೋಡುತ್ತಾರೆ. ಆ ಸಾಲಿನಲ್ಲಿರುವುದು ನಿಜವಾ ಎಂದು ನೋಡುವ ಹಂತ ಈ ಲೆಕ್ಕದಲ್ಲಿ ಇಲ್ಲ.

ಇದು ಶುರುವಾಗಿದ್ದೂ ಸತ್ಯ ಹೇಳುವುದಕ್ಕಲ್ಲ. ಗೂಗಲ್‌ನ ಕೆವಿನ್ ಗಿಬ್ಸ್ ಎಂಬ ಎಂಜಿನಿಯರ್ ತಮ್ಮ ಕೆಲಸದ ನಡುವೆ ಸಿಗುತ್ತಿದ್ದ ಬಿಡುವಿನಲ್ಲಿ ಇದನ್ನು ಕಟ್ಟಿದರು. 2004ರ ಡಿಸೆಂಬರಿನಲ್ಲಿ ಪ್ರಯೋಗಕ್ಕೆ ಬಂತು, 2008ರಲ್ಲಿ ಎಲ್ಲರ ಸರ್ಚ್ ಪೆಟ್ಟಿಗೆಗೂ ಬಂತು. ಉದ್ದೇಶ ಬೆರಳಿನ ಕೆಲಸ ಉಳಿಸುವುದು. ಟೈಪಿಂಗ್ ಸುಮಾರು ಶೇ 25ರಷ್ಟು ಕಡಿಮೆಯಾಗುತ್ತದೆ ಎಂದು ಕಂಪನಿ 2018ರಲ್ಲಿ ಹೇಳಿತ್ತು. ಇವುಗಳನ್ನು ಅವರು ‘ಊಹೆ’ ಎಂದು ಕರೆಯುತ್ತಾರೆ, ‘ಸಲಹೆ’ ಎನ್ನುವುದಿಲ್ಲ. ನೀವು ಏನು ಟೈಪ್ ಮಾಡಲು ಹೊರಟಿದ್ದೀರಿ ಎಂಬ ಊಹೆ ಅದು. ಸಲಹೆ ಎಂದು ಓದಿಕೊಳ್ಳುವುದು ನಾವು.

ನಾನು ಬೆಂಗಳೂರಿನಲ್ಲಿದ್ದಾಗ ಒಂದು ಮಾರಾಟದ ಆ್ಯಪ್‌ಗೆ ಇಂಥದ್ದೇ ಪೆಟ್ಟಿಗೆ ಕಟ್ಟುವ ತಂಡದಲ್ಲಿದ್ದೆ. ಶುರು ಮಾಡಿದ ಮೊದಲ ವಾರ ಯಾರಾದರೂ ಟೆಂಟ್ ಹುಡುಕಲು ‘ಟೆ’ ಎಂದು ಒತ್ತಿದರೆ ಎಲ್ಲಕ್ಕಿಂತ ಮೇಲೆ ‘ಟೆಸ್ಟ್ ಟೆಸ್ಟ್’ ಎಂದು ಬರುತ್ತಿತ್ತು. ಕೆಲಸ ಮಾಡುತ್ತಿದೆಯಾ ಎಂದು ನೋಡಲು ನಮ್ಮ ಹುಡುಗರೇ ದಿನಕ್ಕೆ ನೂರು ಸಲ ಹಾಗೆ ಟೈಪ್ ಮಾಡಿದ್ದರು. ಯಂತ್ರಕ್ಕೆ ಅದು ಬಹಳ ಬೇಡಿಕೆಯ ಸಾಮಾನಾಗಿ ಕಂಡಿತು. ಗಿರಾಕಿಗಳೂ ಅದನ್ನು ಒತ್ತಿ ನೋಡಿದರು. ಒತ್ತಿದ್ದಕ್ಕೆ ಅದು ಇನ್ನೂ ಮೇಲೆ ನಿಂತಿತು. ಕೈಯಾರೆ ತೆಗೆಯುವ ತನಕ ಇಳಿಯಲಿಲ್ಲ. ಈ ಕತೆ ನೆನಪಿಡಿ, ನಿಮ್ಮ ‘ಕಂಪ್ಲೇಂಟ್’ ವಿಷಯಕ್ಕೆ ಬೇಕಾಗುತ್ತದೆ.

ಈಗ ಭೂಕುಸಿತ. 2018ರ ಆಗಸ್ಟಿನಲ್ಲಿ ಮಳೆಗೆ ಗುಡ್ಡಗಳು ಜರಿದಮೇಲೆ ನಮ್ಮ ಕೊಡಗು ಜಿಲ್ಲೆಯವರಿಗೆ ಮಳೆ ಮೊದಲಿನ ಮಳೆಯಾಗಿ ಉಳಿದಿಲ್ಲ. ಜೋಡುಪಾಲ, ಮಕ್ಕಂದೂರು ಅಂದರೆ ಸಾಕು, ಯಾರೂ ಮುಂದೆ ವಿವರಿಸಬೇಕಿಲ್ಲ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಜಾರಿತು. ಅಲ್ಲಿಂದ ಈಚೆಗೆ ಎರಡು ದಿನ ಬಿಡದೆ ಮಳೆ ಹೊಡೆದರೆ, ಕರೆಂಟ್ ಹೋಗಿ, ಟವರಿನ ಬ್ಯಾಟರಿ ಇಳಿದು ಮನೆಗೆ ಫೋನ್ ಸಿಗದಿದ್ದರೆ, ದುಬೈಯಲ್ಲಿರುವ ಮಗ ಮೊದಲು ಮಾಡುವ ಕೆಲಸ ಏನು? ಇದೇ ಸಾಲನ್ನು ಟೈಪ್ ಮಾಡುವುದು. ಬೆಂಗಳೂರಿನ ಮಗಳು, ಮೈಸೂರಿನ ಅಣ್ಣ, ಬುಕಿಂಗ್ ಮಾಡಿದ ಟೂರಿಸ್ಟ್, ಎಲ್ಲರೂ ಅದನ್ನೇ ಮಾಡುತ್ತಾರೆ. ಏನೂ ಆಗದ ದಿನವೂ ಕೇಳುವವರು ಸಾವಿರ ಜನ ಇರುತ್ತಾರೆ. ಕೇಳಿದ್ದೇ ಲೆಕ್ಕಕ್ಕೆ ಬೀಳುತ್ತದೆ. ‘ಏನೂ ಆಗಿಲ್ಲ, ಚೆನ್ನಾಗಿದ್ದೇವೆ’ ಎಂಬ ಉತ್ತರ ಫೋನಿನಲ್ಲಿ ಸಿಗುತ್ತದೆ, ಅದು ಲೆಕ್ಕಕ್ಕೆ ಬೀಳುವುದಿಲ್ಲ.

ಅದರಲ್ಲೂ ಆ ‘ಇಂದು’ ಎನ್ನುವ ಪದ ಬಹಳ ಕೆಟ್ಟದು. ಪೇಪರಿನಲ್ಲಿ ‘ಇಂದು’ ಅಂದರೆ ಇವತ್ತೇ, ಮೇಲೆ ತಾರೀಕು ಇರುತ್ತದೆ. ಸರ್ಚ್ ಸಾಲಿನ ‘ಇಂದು’ಗೆ ತಾರೀಕು ಇಲ್ಲ. ಅದು ಟೈಪ್ ಮಾಡಿದವರ ಇಂದು, ಹೋದ ವಾರದ್ದೋ ಹೋದ ವರ್ಷದ ಆಗಸ್ಟಿನದೋ ಆಗಿರಬಹುದು. ‘ಕಾಫಿ ರೇಟ್ ಇಂದು’ ಎನ್ನುವುದಕ್ಕೂ ಇದೇ ಮಾತು. ಅದು ಐವತ್ತು ಕೆಜಿ ಚೀಲಕ್ಕೆ ಇವತ್ತು ಎಷ್ಟು ಎಂದು ಕೇಳುವ ಬೆಳೆಗಾರರ ಬಾಯಿ ಅಷ್ಟೆ, ರೇಟ್ ಅಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೇರೆ. ಒಂದು ಮಳೆಗಾಲದ ರಾತ್ರಿ ‘ಕೊಡಗು’ ಎಂದು ಟೈಪ್ ಮಾಡುತ್ತಿದ್ದೆ. ‘ಕೊಡಗು ಶಾಲೆಗೆ ರಜೆ ನಾಳೆ’ ಎಂದು ಬಂತು. ಡಿಸಿ ರಜೆ ಕೊಟ್ಟರೇನೋ ಎಂದು ಅಂದುಕೊಂಡೆ. ಕೊಟ್ಟಿರಲಿಲ್ಲ. ಜಿಲ್ಲೆಯ ಅಷ್ಟೂ ಮಕ್ಕಳು ಅಮ್ಮನ ಫೋನ್ ಹಿಡಿದು ಕೂತಿದ್ದರು ಅಷ್ಟೆ. ಬೆಳಿಗ್ಗೆ ಎಲ್ಲರೂ ಕೊಡೆ ಹಿಡಿದು ಶಾಲೆಗೆ ಹೋದರು.

ನಿಜವಾಗಿ ಗುಡ್ಡ ಜರಿದಿದೆಯಾ, ರಸ್ತೆ ತೆರೆದಿದೆಯಾ ಎಂದು ತಿಳಿಯಬೇಕಾದರೆ ಜಿಲ್ಲಾಡಳಿತದ ಕಂಟ್ರೋಲ್ ರೂಮಿನ 1077ಕ್ಕೆ ಫೋನ್ ಮಾಡಿ. ಜಿಲ್ಲೆಯ ಹೊರಗಿರುವ ಗೆಸ್ಟ್‌ಗಳ ಪರವಾಗಿ ನೀವೇ ಕೇಳಿ ತಿಳಿಸುವುದು ಒಳ್ಳೆಯದು. ಸಂಪಾಜೆ ಕಡೆಯಿಂದ ಬರುವವರಿಗೆ ಘಾಟಿಯ ಸ್ಥಿತಿ, ಭಾಗಮಂಡಲಕ್ಕೆ ಹೋಗುವವರಿಗೆ ತ್ರಿವೇಣಿ ಸಂಗಮದ ನೀರು, ಇವೆರಡು ತಿಳಿದರೆ ಅರ್ಧ ಗಾಬರಿ ಇಳಿಯುತ್ತದೆ. ಮುಂದಿನ ಸಲ ಯಾರಾದರೂ ಕ್ಯಾನ್ಸಲ್ ಮಾಡುತ್ತೇನೆ ಅಂದರೆ ವಾದ ಮಾಡಬೇಡಿ. ‘ಆ ಸಾಲನ್ನು ಒಮ್ಮೆ ಒತ್ತಿ, ಒಳಗೆ ಬರುವ ಸುದ್ದಿಯ ತಾರೀಕು ನೋಡಿ ಹೇಳಿ’ ಅನ್ನಿ. ಅಂಗಳದ ಒಂದು ವಿಡಿಯೊ ಕಳಿಸಿ. ಸುದ್ದಿ ನಿಜವಾಗಿದ್ದರೆ ಮಾತ್ರ ಕ್ಯಾನ್ಸಲ್ ಮಾಡಿಸಿಕೊಳ್ಳಿ, ದುಡ್ಡು ವಾಪಸ್ ಕೊಡಿ.

ಮಗಳ ಫೋನಿನಲ್ಲಿ ಯಾಕೆ ಬರಲಿಲ್ಲ? ನನ್ನ ಅಂದಾಜು, ಅವಳು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾಳೆ. ಅತ್ತೆಯವರು ಕನ್ನಡದಲ್ಲಿ ಬರೆಯುತ್ತಾರೆ, ಅಥವಾ ಮೈಕಿಗೆ ಹೇಳುತ್ತಾರೆ. ಎರಡೂ ಬೇರೆ ಬೇರೆ ಕ್ಯೂ. ಹೊರಗಿನವರು ‘ಕೂರ್ಗ್’ ಎನ್ನುತ್ತಾರೆ, ಅವರ ಸಾಲಿನಲ್ಲಿ ರೆಸಾರ್ಟ್, ಅಬ್ಬಿ ಫಾಲ್ಸ್, ಮಾಂದಲಪಟ್ಟಿ ಜೀಪು. ನಾವು ‘ಕೊಡಗು’ ಎನ್ನುತ್ತೇವೆ, ನಮ್ಮ ಸಾಲಿನಲ್ಲಿ ಮಳೆ, ರಜೆ, ಆನೆ. ಕೂತ ಜಾಗ ಒಂದೇ, ಹುಡುಕುವ ಊರು ಒಂದೇ, ಎರಡು ಹೆಸರಿಗೆ ಎರಡು ಜಿಲ್ಲೆ. ಇನ್ನೊಂದು ವಿಷಯ. ಕನ್ನಡ ಅಕ್ಷರದಲ್ಲಿ ಹುಡುಕುವವರು ಇಂಗ್ಲಿಷ್ ಅಕ್ಷರದವರಿಗಿಂತ ಕಡಿಮೆ. ಕ್ಯೂ ಚಿಕ್ಕದಾದಷ್ಟೂ ಸ್ವಲ್ಪ ಜನ ಒಟ್ಟಿಗೆ ಕೂಗಿದರೆ ಸಾಕು, ಅವರ ಮಾತು ಮೇಲೆ ಬರುತ್ತದೆ. ನಮ್ಮ ಜಿಲ್ಲೆಯ ಮಾತುಗಳಾದ ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಟೈಪ್ ಮಾಡಿ ನೋಡಿ, ಯಂತ್ರ ತಡವರಿಸಿ ಕನ್ನಡದ ಯಾವುದೋ ಪದಕ್ಕೆ ಜಾರುತ್ತದೆ. ಅದಕ್ಕೆ ಊಹಿಸಲು ಹಿಂದಿನವರೇ ಇಲ್ಲ.

ಸಾಲಿನ ಎಡಗಡೆ ಇರುವ ಸಣ್ಣ ಗುರುತನ್ನೂ ಗಮನಿಸಿ. ಗಡಿಯಾರ ಇದ್ದರೆ ಅದು ನೀವೇ ಹಿಂದೆ ಹುಡುಕಿದ್ದು. ಭೂತಗನ್ನಡಿ ಇದ್ದರೆ ಊರವರದು. ಮೇಲಕ್ಕೆ ಏರುವ ಬಾಣ ಇದ್ದರೆ ಈಗ ಜಾಸ್ತಿ ಜನ ಹುಡುಕುತ್ತಿರುವುದು. ಪೆಟ್ಟಿಗೆ ಖಾಲಿ ಇದ್ದಾಗಲೂ ಬಾಣದ ಸಾಲುಗಳು ಕಾಣುವುದುಂಟು. ಗಾಬರಿಯ ಸುದ್ದಿ ಮನೆಗೆ ನುಗ್ಗುವ ಹಿತ್ತಿಲ ಬಾಗಿಲು ಅದು.

ಹಾಗಾದರೆ ಯಾವುದಕ್ಕೂ ನಂಬಬಾರದಾ? ಕೆಲವಕ್ಕೆ ಕಣ್ಣು ಮುಚ್ಚಿ ನಂಬುತ್ತೇನೆ. ಸ್ಪೆಲ್ಲಿಂಗಿಗೆ. ಅರ್ಧ ನೆನಪಿರುವ ಹೆಸರಿಗೆ. ‘ಕಾಫಿ ಗಿಡದ ಕಾಂಡ ಒಳಗೆ ತಿನ್ನುವ ಹುಳ’ ಎಂದು ಉದ್ದಕ್ಕೆ ಬರೆಯುವ ಬದಲು ‘ಕಾಫಿ ಕಾಂಡ’ ಎಂದಾಗ ‘ಬಿಳಿ ಕಾಂಡಕೊರಕ’ ಎಂಬ ಪದ ಸಿಕ್ಕಿದರೆ, ಅದು ದೊಡ್ಡ ಉಪಕಾರ. ಆ ಪದ ಹಿಡಿದು ಕಾಫಿ ಮಂಡಳಿಯ ಮಾಹಿತಿಗೆ ಹೋಗಬಹುದು. ಹೋಂಸ್ಟೇ ನಡೆಸುವವರಿಗಂತೂ ಇದು ಬಿಟ್ಟಿ ಸರ್ವೆ. ‘ಕೂರ್ಗ್ ಹೋಂಸ್ಟೇ’ ಎಂದು ಟೈಪ್ ಮಾಡಿ, ಮುಂದೆ ಒಂದೊಂದೇ ಅಕ್ಷರ ಸೇರಿಸುತ್ತಾ ಹೋಗಿ. ಗೆಸ್ಟ್‌ಗಳ ಮನಸ್ಸಿನಲ್ಲಿ ಏನಿದೆ ಎಂದು ಕಾಣುತ್ತದೆ: ಊಟ ಇದ್ಯಾ, ನಾಯಿ ತರಬಹುದಾ, ಇಂಬಳ ಕಚ್ಚುತ್ತಾ. ಇವಕ್ಕೆ ಉತ್ತರ ಬರೆದು ನಿಮ್ಮ ಪೇಜಿನಲ್ಲಿ ಹಾಕಿ. ಆದರೆ ‘ಕೂರ್ಗ್ ರೈಲ್ವೆ ಸ್ಟೇಷನ್’ ಎಂದು ಬಂದರೆ ಯಾರಾದರೂ ಮಡಿಕೇರಿಯಲ್ಲಿ ರೈಲು ಇಳಿಯುವ ಪ್ಲಾನ್ ಮಾಡಿಬಿಟ್ಟಾರು! ನಮ್ಮ ಜಿಲ್ಲೆಗೆ ರೈಲೇ ಇಲ್ಲ. ಕೇಳುವವರು ಇದ್ದಾರೆ, ಅಷ್ಟಕ್ಕೇ ಸಾಲು ಇದೆ.

ಕಾಯಿಲೆ ವಿಷಯದಲ್ಲಿ ನಾನು ಪೆಟ್ಟಿಗೆಯ ಕಡೆ ನೋಡುವುದೇ ಇಲ್ಲ. ಮಾಮೂಲಿ ತಲೆನೋವಿನವರು ಮಲಗುತ್ತಾರೆ, ಹೆದರಿದವರು ಟೈಪ್ ಮಾಡುತ್ತಾರೆ. ಸಾಲು ತುಂಬುವುದು ಹೆದರಿದವರಿಂದ.

ಅದಕ್ಕಿಂತ ಅಪಾಯದ್ದು ಕಸ್ಟಮರ್ ಕೇರ್ ನಂಬರ್. ಯಾವುದಾದರೂ ಕಂಪನಿಯ ಹೆಸರು ಹಾಕಿದರೆ ಜೊತೆಗೆ ‘ಕಸ್ಟಮರ್ ಕೇರ್ ನಂಬರ್’ ಎಂದು ಬರುತ್ತದೆ. ಸಾಲಿನಲ್ಲಿ ತಪ್ಪೇನೂ ಇಲ್ಲ. ಮೋಸ ಇರುವುದು ಅದನ್ನು ಒತ್ತಿದ ಮೇಲೆ ಬರುವ ಪುಟದಲ್ಲಿ. ಯಾರೋ ಕಳ್ಳರು ಕಂಪನಿಯ ಹೆಸರಿನಲ್ಲಿ ತಮ್ಮ ನಂಬರ್ ಬರೆದು ಇಟ್ಟಿರುತ್ತಾರೆ. ಪೆಟ್ಟಿಗೆಯೇ ತೋರಿಸಿದ ದಾರಿ ಎಂದು ನಾವು ಧೈರ್ಯವಾಗಿ ಫೋನ್ ಮಾಡುತ್ತೇವೆ. ನನ್ನ ಭಾವನಿಗೇ ಆಗಿದೆ. ಒಂದು ಪಾರ್ಸೆಲ್ ಬಂದಿರಲಿಲ್ಲ. ಹೀಗೆ ಸಿಕ್ಕಿದ ನಂಬರಿಗೆ ಫೋನ್ ಮಾಡಿದ. ಆ ಕಡೆಯವರು ಬಹಳ ಮರ್ಯಾದೆಯಿಂದ ‘ಸರ್, ಒಂದು ಲಿಂಕ್ ಕಳಿಸಿದ್ದೇವೆ, ಐದು ರೂಪಾಯಿ ಕಟ್ಟಿ’ ಎಂದರು. ಲಿಂಕ್ ತೆರೆದುಕೊಳ್ಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ನಮ್ಮೂರಿನ ನೆಟ್‌ವರ್ಕ್ ಜೀವಮಾನದಲ್ಲಿ ಮಾಡಿದ ಒಂದೇ ಉಪಕಾರ ಅದು. ಬ್ಯಾಂಕಿನ ನಂಬರ್ ಕಾರ್ಡಿನ ಹಿಂದೆ ಇರುತ್ತದೆ, ಗ್ಯಾಸಿನದು ಬಿಲ್ಲಿನಲ್ಲಿ ಇರುತ್ತದೆ. ಅಲ್ಲಿಂದ ತೆಗೆದುಕೊಳ್ಳಿ. ದುಡ್ಡು ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. 2021ರ ಜೂನಿನಲ್ಲಿ ಗೂಗಲ್ ಕನ್ನಡವನ್ನು ಅತಿ ಕುರೂಪದ ಭಾಷೆ ಎಂದು ತೋರಿಸಿತು ಎಂಬ ಗಲಾಟೆ ನೆನಪಿದೆಯಲ್ಲ? ಬಹಳ ಜನ ಅದನ್ನೂ ಈ ಊಹೆಯ ಸಾಲು ಎಂದುಕೊಂಡಿದ್ದಾರೆ. ಅದು ಬೇರೆ. ಅದು ಹುಡುಕಿದ ಮೇಲೆ ಮೇಲ್ಗಡೆ ಬರುವ ಉತ್ತರದ ಡಬ್ಬಿ. ಯಾವುದೋ ವೆಬ್‌ಸೈಟಿನಲ್ಲಿ ಇದ್ದ ಒಂದು ಸಾಲನ್ನು ಯಂತ್ರ ಎತ್ತಿ ಉತ್ತರ ಎಂದು ಕೂರಿಸಿತ್ತು. ಕಂಪನಿ ತೆಗೆದುಹಾಕಿ ಕ್ಷಮೆ ಕೇಳಿತು. ಪೆಟ್ಟಿಗೆಯ ಕೆಳಗಿನ ಸಾಲು ಜನರ ಪ್ರಶ್ನೆ, ಮೇಲಿನ ಡಬ್ಬಿ ಯಾರೋ ಒಬ್ಬರ ಉತ್ತರ. ಎರಡರ ತಪ್ಪೂ ಬೇರೆ ಬೇರೆ ಥರ. ಆ ಎರಡು ದಿನ ಸಿಟ್ಟಿನಲ್ಲಿ ನಾವೆಲ್ಲ ಅದೇ ಪ್ರಶ್ನೆಯನ್ನು ಟೈಪ್ ಮಾಡಿ ನೋಡಿದೆವು, ನಾನೂ ಮಾಡಿದೆ. ಹಾಗೆ ಮಾಡಿ ಆ ಪ್ರಶ್ನೆಯ ಕ್ಯೂ ಉದ್ದ ಮಾಡಿದವರೂ ನಾವೇ.

ಈಗ ನಿಮ್ಮ ‘ಕಂಪ್ಲೇಂಟ್’. ಹೊಸ ಜಾಗಕ್ಕೆ ಅಡ್ವಾನ್ಸ್ ಕಟ್ಟುವ ಮೊದಲು ಜನ ಹೆಸರಿನ ಜೊತೆ ‘ರಿವ್ಯೂ’, ‘ಫೇಕ್’, ‘ಕಂಪ್ಲೇಂಟ್’ ಎಂದು ಸೇರಿಸಿ ನೋಡುತ್ತಾರೆ. ಒಳ್ಳೆಯ ಜಾಗಕ್ಕೂ ನೋಡುತ್ತಾರೆ. ದೊಡ್ಡ ಹೋಟೆಲಿನ ಹೆಸರನ್ನು ಲಕ್ಷ ಜನ ಹುಡುಕುವುದರಿಂದ ಇಂಥವು ಕೆಳಗೆ ಹೂತುಹೋಗುತ್ತವೆ. ನಿಮ್ಮಂಥ ಸಣ್ಣ ಹೆಸರಿಗೆ ಹುಡುಕುವವರೇ ಕೆಲವರು, ಅದರಲ್ಲಿ ಹತ್ತಾರು ಜನ ಹೀಗೆ ನೋಡಿದರೂ ಮೇಲೆ ತೇಲುತ್ತದೆ. ಬೇಕೆಂದೇ ಪದೇ ಪದೇ ಹುಡುಕಿಸಿ ಒಬ್ಬರ ಹೆಸರಿಗೆ ಕೆಟ್ಟ ಪದ ಅಂಟಿಸುವವರೂ ಇದ್ದಾರೆ, ಆದರೆ ನಿಮ್ಮ ವಿಷಯದಲ್ಲಿ ಪಕ್ಕದ ಹೋಂಸ್ಟೇಯವರನ್ನು ಈಗಲೇ ಅನುಮಾನಿಸಬೇಡಿ. ಮೊದಲು ಒಂದು ಕೇಳುತ್ತೇನೆ: ಆ ಪದ ಕಂಡ ದಿನದಿಂದ ನೀವು ಎಷ್ಟು ಸಲ ಟೈಪ್ ಮಾಡಿ ನೋಡಿದ್ದೀರಿ? ಮಗಳಿಗೆ, ನಾದಿನಿಗೆ, ಬೆಂಗಳೂರಿನ ಅಣ್ಣನಿಗೆ ‘ನಿಮ್ಮ ಫೋನಲ್ಲೂ ಬರ್ತದಾ ನೋಡಿ’ ಎಂದು ಎಷ್ಟು ಸಲ ಹೇಳಿದ್ದೀರಿ? ನಮ್ಮ ಹುಡುಗರ ‘ಟೆಸ್ಟ್ ಟೆಸ್ಟ್’ ಕತೆ ಇದೇ. ಇವತ್ತಿನಿಂದ ನೋಡುವುದನ್ನು ನಿಲ್ಲಿಸಿ. ಕಂಡರೂ ಒತ್ತಬೇಡಿ.

ತೆಗೆಸಲು ದಾರಿ ಇದೆ. ಫೋನಿನಲ್ಲಿ ಆ ಸಾಲಿನ ಮೇಲೆ ಬೆರಳಿಟ್ಟು ಹಿಡಿದರೆ ರಿಪೋರ್ಟ್ ಮಾಡುವ ಆಯ್ಕೆ ಬರುತ್ತದೆ. ಕಂಪ್ಯೂಟರಿನಲ್ಲಾದರೆ ಸಾಲುಗಳ ಕೊನೆಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ದ್ವೇಷ, ಅಶ್ಲೀಲ, ಹಿಂಸೆ, ಅಪಾಯದ ವಿಷಯವಾದರೆ ಅವರ ನಿಯಮದ ಪ್ರಕಾರವೇ ತೆಗೆಯುತ್ತಾರೆ. ‘ಕಂಪ್ಲೇಂಟ್’ ಎಂಬ ಒಂದೇ ಪದಕ್ಕೆ ತೆಗೆಯುತ್ತಾರೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ‘ಮೋಸ’, ‘ಕಳ್ಳರು’ ಎಂಬಂಥದ್ದು ಬಂದರೆ ಮಾತು ಬೇರೆ. ಜರ್ಮನಿಯಲ್ಲಿ ಒಂದು ಕಂಪನಿಯವರ ಹೆಸರಿನ ಪಕ್ಕ ‘ವಂಚನೆ’ ಎಂದು ಬರುತ್ತಿತ್ತು. ಅವರು ಕೋರ್ಟಿಗೆ ಹೋದರು. ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ 2013ರ ಮೇ ತಿಂಗಳಲ್ಲಿ ಒಂದು ನಡುದಾರಿ ಹೇಳಿತು: ಗೂಗಲ್ ಎಲ್ಲ ಸಾಲನ್ನೂ ಮೊದಲೇ ಪರೀಕ್ಷಿಸಬೇಕಿಲ್ಲ, ಆದರೆ ಇದು ಮಾನ ಕಳೆಯುತ್ತಿದೆ ಎಂದು ತಿಳಿಸಿದ ಮೇಲೆ ತಡೆಯಲೇಬೇಕು. ಆ ತೀರ್ಪು ನಮ್ಮ ದೇಶಕ್ಕೆ ಅನ್ವಯವಾಗುವುದಿಲ್ಲ. ಆದರೂ ಬರವಣಿಗೆಯಲ್ಲಿ ತಿಳಿಸುವುದು, ಸ್ಕ್ರೀನ್‌ಶಾಟನ್ನು ತಾರೀಕಿನ ಸಮೇತ ಇಟ್ಟುಕೊಳ್ಳುವುದು ಎಲ್ಲಿಗೂ ಒಳ್ಳೆಯದೇ.

ಅದಕ್ಕಿಂತ ಬೇಗ ಫಲ ಕೊಡುವುದು ಇನ್ನೊಂದು. ಯಾರಾದರೂ ಆ ಸಾಲನ್ನು ಒತ್ತಿದರೆ ಒಳಗೆ ನಿಮ್ಮದೇ ಪುಟ ಮೊದಲು ಸಿಗಬೇಕು. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರದ ಫೋಟೊ, ಕ್ಯಾನ್ಸಲ್ ಮಾಡಿದರೆ ದುಡ್ಡು ಎಷ್ಟು ವಾಪಸ್, ‘ದೂರು ಇದ್ದರೆ ಈ ನಂಬರಿಗೆ ಮಾಡಿ’ ಎಂಬ ಒಂದು ಸಾಲು. ಹುಡುಕಿ ಬಂದವರಿಗೆ ಅಲ್ಲೇ ಉತ್ತರ ಸಿಕ್ಕಿದರೆ ಬುಕಿಂಗ್ ಬಿಟ್ಟು ಹೋಗುವುದಿಲ್ಲ.

ಅತ್ತೆಯವರ ಫೋನಿಗೆ ಒಂದು ಕೆಲಸ ಮಾಡಿ. ಗೂಗಲ್ ಆ್ಯಪ್ ತೆರೆದು, ಮೂಲೆಯಲ್ಲಿರುವ ಅವರ ಗುಂಡಗಿನ ಫೋಟೊ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ. ಟ್ರೆಂಡಿಂಗ್ ಹುಡುಕಾಟ ತೋರಿಸುವುದನ್ನು ಅಲ್ಲಿ ಆಫ್ ಮಾಡಬಹುದು. ಬಾಣದ ಸಾಲುಗಳು ನಿಲ್ಲುತ್ತವೆ. ಆಮೇಲೂ ‘ಮಡಿಕೇರಿ’ ಎಂದಾಗ ಭೂಕುಸಿತದ ಸಾಲು ಗಡಿಯಾರದ ಗುರುತಿನ ಜೊತೆ ಬರಬಹುದು. ಅದು ಹೋದ ಸಲ ಅತ್ತೆ ತಾವೇ ಒತ್ತಿ ನೋಡಿದ್ದು. ಅದರ ಮೇಲೆ ಬೆರಳಿಟ್ಟು ಹಿಡಿದರೆ ಅಳಿಸಬೇಕಾ ಎಂದು ಕೇಳುತ್ತದೆ. ಅವರನ್ನು ಕೇಳಿಯೇ ಅಳಿಸಿ.